ಚಿಪ್ಪು: ಒಂದು ಮಾತಿನ ಹಲವು ಪದರಗಳು

ಭಾಷೆಯಲ್ಲಿ ಕೆಲವು ಶಬ್ದಗಳು ಹುಟ್ಟಿದ ಮನೆಯಲ್ಲಿಯೇ ಬಾಳಿ ಮುಗಿಸುತ್ತವೆ. ಅವುಗಳಿಗೆ ಒಂದು ವಸ್ತು, ಒಂದು ಅರ್ಥ. ಅದರಾಚೆಗೆ ಅವು ಹೆಜ್ಜೆಯಿಡುವುದಿಲ್ಲ. ಮತ್ತೆ ಕೆಲವು ಶಬ್ದಗಳ ಸ್ವಭಾವವೇ ಬೇರೆ. ಅವು ಹೋದಲ್ಲೆಲ್ಲ ನಂಟು ಬೆಳೆಸುತ್ತವೆ. ಅಡುಗೆಮನೆ, ತೋಟ, ವೈದ್ಯರ ಕೊಠಡಿ, ವೇದಾಂತಿಗಳ ಸಭೆ, ಎಲ್ಲ ಕಡೆಯೂ ತಮಗೊಂದು ಮಣೆಯನ್ನು ಸಂಪಾದಿಸಿಕೊಳ್ಳುತ್ತವೆ. ಕನ್ನಡದ ‘ಚಿಪ್ಪು’ ಇಂಥ ಸಂಚಾರಿ ಶಬ್ದಗಳಲ್ಲೊಂದು.

ನಂಜನಗೂಡು ತಾಲ್ಲೂಕಿನ ಹೆಡತಲೆ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯದಿಂದ ಹೆಸರಾದ ಊರು. ಘಟ್ಟವನ್ನು ಇಳಿದ ಹೊರತು ಅಲ್ಲಿಯವರಿಗೆ ಪಡುವಣ ಕಡಲಿನ ದರ್ಶನವಿಲ್ಲ. ಆದರೂ ಇಂಥ ಒಳನಾಡಿನ ಹಳ್ಳಿಗಳಲ್ಲಿ ಚಿಪ್ಪು ಎಂಬ ಮಾತು ಬೆಳಗಿನಿಂದ ಬೈಗಿನವರೆಗೆ ಕಿವಿಗೆ ಬೀಳುತ್ತಲೇ ಇರುತ್ತದೆ. ತೋಟದಿಂದ ಬಂದವರು “ಒಂದು ಚಿಪ್ಪು ಬಾಳೆಹಣ್ಣು ತಂದಿದ್ದೇನೆ” ಎನ್ನುತ್ತಾರೆ. ಜಗಲಿಯ ಮೇಲೆ ಕುಳಿತ ಅಜ್ಜಿ ಮೊಣಕಾಲ ಚಿಪ್ಪು ನೋಯುತ್ತದೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾಳೆ. ಒಳಗೆ ಕಾಯಿ ತುರಿದು ಮುಗಿಸಿದ ತಾಯಿ ಬರಿದಾದ ಚಿಪ್ಪನ್ನು ಒಲೆಯ ಬದಿಗೆ ಎಸೆಯುತ್ತಾಳೆ. ವ್ಯಾಪಾರದಲ್ಲಿ ಎಲ್ಲವನ್ನೂ ಕಳೆದುಕೊಂಡವನನ್ನು ಕುರಿತು ಕಟ್ಟೆಯ ಮೇಲಿನ ಹಿರಿಯರು “ಪಾಪ, ಅವನ ಕೈಗೆ ಚಿಪ್ಪು ಬಂತು” ಎಂದು ಮರುಗುತ್ತಾರೆ. ಹಣ್ಣು, ಎಲುಬು, ಕರಟ, ದುರ್ದೆಸೆ: ನಾಲ್ಕು ಮಾತುಗಳಲ್ಲಿ ನಾಲ್ಕು ಅರ್ಥಗಳು. ಇವುಗಳಲ್ಲಿ ಒಂದಾದರೂ ನೀರಿನಲ್ಲಿ ಹುಟ್ಟಿದುದಲ್ಲ. ಹಾಗಿದ್ದರೂ ನೀರಿನಲ್ಲಿ ಬಾಳುವ ಒಂದು ಸಣ್ಣ ಜೀವಿಯ ಮನೆಯ ಹೆಸರು ಇವೆಲ್ಲಕ್ಕೂ ಹೇಗೆ ಬಂದಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಭಾಷೆ ಬೆಳೆಯುವ ಬಗೆಯೇ ನಮಗೆ ತಿಳಿದುಬರುತ್ತದೆ.

ಮೊದಲು ಮೂಲವಸ್ತುವನ್ನು ಪರಿಶೀಲಿಸೋಣ. ಚಿಪ್ಪನ್ನು ಕಟ್ಟುವ ಜೀವಿಗಳಿಗೆ ಶಾಸ್ತ್ರಜ್ಞರು ಮೃದ್ವಂಗಿಗಳೆಂದು ಹೆಸರಿಟ್ಟಿದ್ದಾರೆ. ಮೃದುವಾದ ಮೈಯುಳ್ಳವು ಎಂದು ಅದರ ಅರ್ಥ. ಅವುಗಳಲ್ಲಿ ಶಂಖ, ಕವಡೆ, ಬಸವನಹುಳು ಮೊದಲಾದವುಗಳಿಗೆ ಒಂದೇ ತುಂಡಿನ ಕವಚ. ನಾವು ಕಪ್ಪೆಚಿಪ್ಪು ಎಂದು ಕರೆಯುವ ಜೀವಿಗೆ ಎರಡು ಹೋಳುಗಳ ಕವಚ. ಹೆಸರಿನಲ್ಲಿ ಕಪ್ಪೆ ಸೇರಿಕೊಂಡಿದ್ದರೂ ಕಪ್ಪೆಗೂ ಇದಕ್ಕೂ ಯಾವ ನಂಟೂ ಇಲ್ಲ. ಪುಸ್ತಕದ ಎರಡು ರಟ್ಟುಗಳು ಬೆನ್ನಿನಲ್ಲಿ ಕೂಡಿಕೊಂಡಿರುವಂತೆ ಈ ಹೋಳುಗಳು ಒಂದು ಅಂಚಿನಲ್ಲಿ ಕೂಡಿಕೊಂಡಿರುತ್ತವೆ. ಅಪಾಯದ ಸುಳಿವು ಸಿಕ್ಕಿತೆಂದರೆ ಒಳಗಿನ ಬಲವಾದ ಸ್ನಾಯು ಬಿಗಿದುಕೊಂಡು ಎರಡನ್ನೂ ಮುಚ್ಚಿಬಿಡುತ್ತದೆ.

ಈ ಜೀವಿ ಕಡಲಿನದೇ ಎಂದು ಭಾವಿಸಬೇಕಾಗಿಲ್ಲ. ಕಪಿಲಾ ನದಿ ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಇಂಥ ಹೊಳೆಗಳ ಮರಳಿನಲ್ಲಿಯೂ ಕೆರೆಗಳ ಕೆಸರಿನಲ್ಲಿಯೂ ಅರ್ಧ ಹೂತುಕೊಂಡು ಬಾಳುವ ಸಿಹಿನೀರಿನ ಚಿಪ್ಪುಗಳುಂಟು. ಅವುಗಳ ಹೊರಮೈ ಮಣ್ಣಿನಂತೆ ಕಂದು. ಒಳಮೈ ಬೆಳ್ಳಿಯಂತೆ ಹೊಳಪು. ಆದುದರಿಂದ ಕಡಲನ್ನು ಎಂದೂ ಕಾಣದ ಒಳನಾಡಿನವನಿಗೂ ಚಿಪ್ಪಿನ ಪರಿಚಯವಾಗುವುದಕ್ಕೆ ಊರ ಪಕ್ಕದ ಹೊಳೆಯೇ ಸಾಕು.

ಚಿಪ್ಪು ಬೆಳೆಯುವ ಬಗೆಯನ್ನು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಜೀವಿಯ ಮೈಯನ್ನು ಸುತ್ತಿರುವ ತೆಳುವಾದ ಹೊದಿಕೆಯೊಂದು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಗಟ್ಟಿ ಪದರವಾಗಿ ಸ್ರವಿಸುತ್ತದೆ. ಮೈ ಬೆಳೆದಂತೆಲ್ಲ ಚಿಪ್ಪಿನ ಅಂಚಿನಲ್ಲಿ ಹೊಸ ಪಟ್ಟಿ ಸೇರುತ್ತದೆ, ಒಳಗೆ ಹೊಸ ಪದರ ಕೂಡುತ್ತದೆ. ಹಳೆಯದು ಕಳಚಿ ಬೀಳುವುದಿಲ್ಲ. ಚಿಪ್ಪಿನ ಬೆನ್ನಿನ ಮೇಲೆ ಕಾಣುವ ಸಾಲು ಸಾಲು ಗೆರೆಗಳು ಈ ಬೆಳವಣಿಗೆಯ ಗುರುತುಗಳೇ. ಶಬ್ದವೂ ಹೀಗೆಯೇ ಬೆಳೆಯುತ್ತದೆ. ಹಳೆಯ ಅರ್ಥವನ್ನು ಬಿಸುಡದೆ ಅದರ ಅಂಚಿಗೆ ಹೊಸ ಅರ್ಥವನ್ನು ಸೇರಿಸಿಕೊಳ್ಳುತ್ತದೆ.

ಈ ಶಬ್ದಕ್ಕೆ ದಕ್ಷಿಣ ದೇಶದಲ್ಲೆಲ್ಲ ಬಂಧುಗಳಿದ್ದಾರೆ. ತಮಿಳಿನಲ್ಲಿ ಇಪ್ಪಿ ಮತ್ತು ಸಿಪ್ಪಿ, ಮಲಯಾಳದಲ್ಲಿ ಇಪ್ಪಿ ಮತ್ತು ಚಿಪ್ಪಿ, ತೆಲುಗಿನಲ್ಲಿ ಚಿಪ್ಪ, ತುಳುವಿನಲ್ಲಿ ಚಿಪ್ಪಿ ಎಂಬ ರೂಪಗಳಿವೆ. ಕನ್ನಡದಲ್ಲಿಯೇ ಚಿಪ್ಪು, ಸಿಪ್ಪು, ಸಿಂಪು, ಸಿಂಪಿ ಎಂಬ ಹಲವು ರೂಪಗಳು ಸಿಗುತ್ತವೆ. ಉತ್ತರದ ಹಿಂದಿಯಲ್ಲಿ ಸೀಪ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಶುಕ್ತಿ ಎಂದು ಹೆಸರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಹಳೆಯ ಕನ್ನಡದಲ್ಲಿ ಬಟ್ಟೆ ಹೊಲಿಯುವವನಿಗೆ ಚಿಪ್ಪಿಗ ಎಂದು ಹೆಸರಿತ್ತು. ಸಿಂಪಿಗ ಎಂಬ ರೂಪ ಇಂದಿಗೂ ಬಳಕೆಯಲ್ಲಿದೆ. ಚಿಪ್ಪಿನಿಂದ ಗುಂಡಿ ಮಾಡಿ ಅಂಗಿಗೆ ಹಚ್ಚುವವನಾದುದರಿಂದ ಅವನು ಚಿಪ್ಪಿಗನಾದನೆಂದು ಯಾರಾದರೂ ಹೇಳಿದರೆ ನಾವು ತಲೆದೂಗಿಬಿಡಬಹುದು. ಆದರೆ ಅದು ಸರಿಯಲ್ಲ. ಈ ಶಬ್ದದ ಮೂಲ ಬೇರೆ. ಸಂಸ್ಕೃತದ ‘ಶಿಲ್ಪಿ’ ಎಂಬುದು ಪ್ರಾಕೃತದಲ್ಲಿ ‘ಸಿಪ್ಪಿ’ ಎಂದಾಯಿತು. ಅದರಿಂದ ಬಂದವನು ಚಿಪ್ಪಿಗ. ಕಲ್ಲಿನಲ್ಲಿ ಕೈಚಳಕ ತೋರುವವನು ಶಿಲ್ಪಿಯಾದರೆ ಬಟ್ಟೆಯಲ್ಲಿ ಕೈಚಳಕ ತೋರುವವನೂ ಶಿಲ್ಪಿಯೇ ಎಂದು ನಮ್ಮ ಹಿಂದಿನವರು ಬಗೆದಿದ್ದರು. ಧ್ವನಿಯಲ್ಲಿ ಹೋಲಿಕೆಯಿದ್ದ ಮಾತ್ರಕ್ಕೆ ಶಬ್ದಗಳು ಒಡಹುಟ್ಟಿದವುಗಳಾಗುವುದಿಲ್ಲ. ಎದುರಿಗೆ ಬಂದವರ ಮುಖ ನಮ್ಮ ಮನೆಯವರಂತೆ ಕಂಡರೂ ಊರು ಮನೆತನಗಳನ್ನು ವಿಚಾರಿಸಿಯೇ ನಂಟು ಹೇಳಬೇಕಷ್ಟೆ.

ಹಾಗಾದರೆ ಮೊಣಕಾಲ ಚಿಪ್ಪಿಗೂ ಹೊಳೆಯ ಚಿಪ್ಪಿಗೂ ಇರುವ ನಂಟು ದಿಟವೇ? ದಿಟವೇ ಸರಿ. ಜನ ಚಿಪ್ಪಿನಲ್ಲಿ ಮುಖ್ಯವಾಗಿ ಮೂರು ಗುಣಗಳನ್ನು ಕಂಡರು. ಅದು ಗಡುಸಾದುದು, ಒಳಗಿನ ಮೆತ್ತನೆಯ ಜೀವವನ್ನು ಕಾಯುವಂಥದು. ಅದು ಬಟ್ಟಲಿನಂತೆ ಬಾಗಿದುದು. ಕಡೆಯದಾಗಿ, ಜೀವ ಹೋದ ಮೇಲೂ ಬರಿದಾಗಿ ಉಳಿಯುವಂಥದು. ಈ ಮೂರು ಗುಣಗಳಿಂದ ಅರ್ಥದ ಮೂರು ಕವಲುಗಳು ಒಡೆದವು.

ಕಾಯುವ ಗುಣದಿಂದ ಬಂದ ಅರ್ಥಗಳನ್ನು ಮೊದಲು ನೋಡೋಣ. ಆಮೆಯ ಬೆನ್ನಿನ ಕವಚ ಚಿಪ್ಪಾಯಿತು. ಇಂದ್ರಿಯಗಳನ್ನು ಒಳಸೆಳೆದುಕೊಂಡವನನ್ನು ಭಗವದ್ಗೀತೆ ಅಂಗಗಳನ್ನು ಒಳಸೆಳೆದುಕೊಂಡ ಆಮೆಗೆ ಹೋಲಿಸುತ್ತದೆ. ಆಡುಮಾತಿನಲ್ಲಿ ನಾವೂ ಯಾರೊಡನೆಯೂ ಬೆರೆಯದವನನ್ನು ಆಮೆಯಂತೆ ಚಿಪ್ಪಿನೊಳಗೆ ಸೇರಿಕೊಂಡನೆನ್ನುತ್ತೇವೆ. ತೆಂಗಿನ ತಿರುಳನ್ನು ಕಾಯುವ ಕರಟ ಚಿಪ್ಪಾಯಿತು. ಮಿದುಳನ್ನು ಕಾಯುವ ಬುರುಡೆ ತಲೆಚಿಪ್ಪಾಯಿತು. ಮೊಣಕಾಲಿನ ಕೀಲಿಗೆ ಮುಚ್ಚಳದಂತೆ ಕುಳಿತ ಪುಟ್ಟ ಎಲುಬು ಮೊಣಕಾಲ ಚಿಪ್ಪಾಯಿತು. ಈ ಎಲುಬು ತೊಡೆಯ ಸ್ನಾಯುವಿನ ರಜ್ಜುವಿನೊಳಗೇ ಹುದುಗಿದ್ದು, ಕಾಲನ್ನು ನೀಡುವಾಗ ಸ್ನಾಯುವಿನ ಎಳೆತಕ್ಕೆ ಬಲ ಕೊಡುತ್ತದೆ. ಹುಟ್ಟಿದ ಮಗುವಿಗೆ ಇದು ಇನ್ನೂ ಎಲುಬಾಗಿರುವುದಿಲ್ಲ, ಬರಿಯ ಮೃದ್ವಸ್ಥಿಯಾಗಿರುತ್ತದೆ. ಮೂರರಿಂದ ಆರನೆಯ ವಯಸ್ಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ಹೊಳೆಯ ಚಿಪ್ಪಿನಂತೆ ನಮ್ಮ ಮೈಯ ಚಿಪ್ಪು ಕೂಡ ಕ್ರಮಕ್ರಮವಾಗಿಯೇ ಕಟ್ಟಿಕೊಳ್ಳುವಂಥದು.

ನಮ್ಮ ಕಾಡುಗಳಲ್ಲಿ ಚಿಪ್ಪುಹಂದಿ ಎಂಬ ಸಾಧು ಪ್ರಾಣಿಯಿದೆ. ಇದು ಹಂದಿಯ ಕುಲಕ್ಕೆ ಸೇರಿದುದಲ್ಲ. ಇರುವೆ ಗೆದ್ದಲುಗಳನ್ನು ತಿಂದು ಬದುಕುವ ಇದರ ಮೈತುಂಬ ಹೆಂಚು ಹೊದಿಸಿದಂತೆ ಹುರುಪೆಗಳಿವೆ. ಅವು ಸುಣ್ಣದಿಂದಾದುವಲ್ಲ; ನಮ್ಮ ಉಗುರಿನಲ್ಲಿರುವ ವಸ್ತುವಿನಿಂದಲೇ ಆದುವು. ಹೆದರಿದಾಗ ಅದು ಚೆಂಡಿನಂತೆ ಸುತ್ತಿಕೊಂಡುಬಿಡುತ್ತದೆ. ಹುಲಿ ಚಿರತೆಗಳಿಗೂ ಅದನ್ನು ಬಿಡಿಸುವುದು ಕಷ್ಟ. ಆದರೆ ಮನುಷ್ಯನಿಗೆ ಸುತ್ತಿಕೊಂಡ ಪ್ರಾಣಿಯನ್ನು ಎತ್ತಿಕೊಂಡು ಹೋಗುವುದು ಸುಲಭ. ಔಷಧದ ಗುಣವಿದೆಯೆಂಬ ನಂಬಿಕೆಯಿಂದ ಈ ಚಿಪ್ಪುಗಳಿಗಾಗಿಯೇ ಅದನ್ನು ಕೊಂದು ಹೊರದೇಶಗಳಿಗೆ ಕಳ್ಳಸಾಗಣೆ ಮಾಡುವವರಿದ್ದಾರೆ. ೨೦೧೬ರಲ್ಲಿ ರಾಷ್ಟ್ರಗಳೆಲ್ಲ ಕೂಡಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ತೀರ್ಮಾನಿಸಿದವು. ಯಾವುದು ಪ್ರಾಣವನ್ನು ಕಾಯಬೇಕಾಗಿತ್ತೋ ಅದೇ ಪ್ರಾಣಕ್ಕೆ ಎರವಾದುದು ಎಂಥ ವಿಪರ್ಯಾಸ!

ಇನ್ನು ಆಕಾರದಿಂದ ಬಂದ ಅರ್ಥಗಳು. ಬಾಗಿದ ಚಿಪ್ಪು ನಿಸರ್ಗವೇ ಕೊಟ್ಟ ಬಟ್ಟಲು. ಕುಂಬಾರನ ತಿಗರಿ ಹುಟ್ಟುವ ಮೊದಲೇ ಮನುಷ್ಯನ ಕೈಗೆ ಸಿಗಬಹುದಾಗಿದ್ದ ಪಾತ್ರೆಗಳಲ್ಲಿ ಅದೂ ಒಂದು. ಆಯುರ್ವೇದದ ತೂಕದ ಲೆಕ್ಕದಲ್ಲಿ ಶುಕ್ತಿಯೆಂಬುದು ಒಂದು ಅಳತೆ. ಎರಡು ಕರ್ಷಕ್ಕೆ ಒಂದು ಶುಕ್ತಿ, ಎರಡು ಶುಕ್ತಿಗೆ ಒಂದು ಪಲ. ಹಸುಳೆಗೆ ಹಾಲು ಕುಡಿಸುವ ಒಳಲೆಯನ್ನು ನೋಡಿದರೂ ಚಿಪ್ಪಿನ ನೆನಪಾಗದಿರದು. ಸ್ಟೀಲಿನ ಸೌಟುಗಳು ಮನೆಮನೆಗೆ ಬರುವ ಮೊದಲು ಚೆನ್ನಾಗಿ ಹೆರೆದು ನುಣುಪು ಮಾಡಿದ ತೆಂಗಿನ ಚಿಪ್ಪಿಗೆ ಬಿದಿರಿನ ಇಲ್ಲವೆ ಮರದ ಹಿಡಿ ತೊಡಿಸಿದ ಸೌಟುಗಳು ಅಡುಗೆಮನೆಯಲ್ಲಿ ತೂಗಾಡುತ್ತಿದ್ದವು. ಬಾಳೆಯ ಗೊನೆಯಲ್ಲಿ ಸುತ್ತು ಸುತ್ತಾಗಿ ಕಾಯಿಗಳು ಕೂರುತ್ತವೆ. ಅಂಥ ಒಂದು ಸುತ್ತಿನ ಕಾಯಿಗಳ ಗುಂಪೇ ಒಂದು ಚಿಪ್ಪು. ಒಂದರ ಪಕ್ಕದಲ್ಲೊಂದು ಬಾಗಿ ನಿಂತ ಕಾಯಿಗಳ ಸಾಲನ್ನು ಹಿಂಬದಿಯಿಂದ ನೋಡಿದರೆ ಏಣುಗೆರೆಗಳುಳ್ಳ ಚಿಪ್ಪಿನ ಬೆನ್ನಿನಂತೆಯೇ ಕಾಣುತ್ತದೆ.

ಈ ಕವಲಿನಲ್ಲಿ ಈಚೆಗೆ ಒಂದು ಹೊಸ ಚಿಗುರು ಒಡೆದಿದೆ. ಭತ್ತದ ಹುಲ್ಲಿನ ಮೇಲೆ ಬೆಳೆಸುವ ಒಂದು ಬಗೆಯ ಅಣಬೆ ಚಿಪ್ಪಿನಂತೆ ಬೀಸಣಿಗೆಯಾಕಾರದಲ್ಲಿ ಅರಳುತ್ತದೆ. ಕೃಷಿತಜ್ಞರು ಅದನ್ನು ಚಿಪ್ಪು ಅಣಬೆ ಎಂದು ಕರೆದರು. ಹೆಸರು ಹೊರದೇಶದ ಹೆಸರಿನ ಅನುವಾದವಾದರೂ ನಮ್ಮ ಬಾಯಿಗೆ ಸಹಜವಾಗಿಯೇ ಹೊಂದಿಕೊಂಡಿತು. ಹಳೆಯ ಶಬ್ದದಲ್ಲಿ ಜೀವವಿದ್ದರೆ ಹೊಸ ವಸ್ತುವಿಗೆ ಹೆಸರಿಡಲು ತಿಣುಕಬೇಕಾಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಚಿಪ್ಪಿನ ಹೆಸರು ಹೀಗೆ ಅಲೆದಾಡಿದುದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲಿಷಿನ ಸ್ಕ್ಯಾಲಪ್ ಎಂಬುದು ಬೀಸಣಿಗೆಯಾಕಾರದ ಒಂದು ಕಡಲ ಚಿಪ್ಪಿನ ಹೆಸರು. ಚಿಪ್ಪೆಂಬ ಅರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಅದು ಬಂದಿತು. ಆ ಜೀವಿಯನ್ನು ಅದರ ಚಿಪ್ಪಿನಲ್ಲಿಯೇ ಇಟ್ಟು ಬೇಯಿಸಿ ಬಡಿಸುವ ಪದ್ಧತಿಯಿಂದ ಒಂದು ಬಗೆಯ ಅಡುಗೆಗೂ, ಅಲೆ ಅಲೆಯಾದ ಅದರ ಅಂಚಿನಿಂದ ಬಟ್ಟೆಯ ಅಂಚಿನ ಅಲಂಕಾರಕ್ಕೂ ಅದೇ ಹೆಸರು ಸಂದಿತು. ಸ್ಪೇನ್ ದೇಶದ ಸಾಂತಿಯಾಗೊ ಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಇದೇ ಚಿಪ್ಪನ್ನು ಯಾತ್ರೆಯ ಗುರುತಾಗಿ ಧರಿಸುತ್ತಾರೆ. ಇಂದು ನಮ್ಮ ಪೇಟೆಗಳ ದರ್ಜಿಗಳು ಕುಪ್ಪಸದ ತೋಳಿಗೆ ಕಮಾನು ಕಮಾನಾದ ಅಂಚನ್ನು ಕತ್ತರಿಸುವಾಗ ‘ಸ್ಕ್ಯಾಲಪ್’ ಎಂದೇ ಹೇಳುತ್ತಾರೆ. ಹೀಗೆ ನಮ್ಮ ಚಿಪ್ಪಿಗೂ ಚಿಪ್ಪಿಗನಿಗೂ ಮೂಲದಲ್ಲಿ ಇಲ್ಲದ ನಂಟು ದೂರದ ಭಾಷೆಯೊಂದರ ಮೂಲಕ ಕೂಡಿಬಂದಿತು! ಚೀನಾದ ನುಣುಪಾದ ಪಿಂಗಾಣಿಯನ್ನು ಮೊದಲು ಕಂಡ ಇಟಲಿಯವರು ಕವಡೆಯ ಹೆಸರಿನಿಂದಲೇ ಅದನ್ನು ಕರೆದರು. ಪಿಂಗಾಣಿಗಿರುವ ‘ಪೋರ್ಸಿಲೇನ್’ ಎಂಬ ಹೆಸರು ಹುಟ್ಟಿದುದು ಹಾಗೆ.

ಇಷ್ಟಾದರೂ ಮೂಲ ಚಿಪ್ಪಿನ ಉಪಯೋಗವನ್ನು ಮರೆಯುವಂತಿಲ್ಲ. ನಮ್ಮ ಕರಾವಳಿಯಲ್ಲಿ ಅದು ಅನ್ನದ ದಾರಿ. ತುಳುನಾಡಿನಲ್ಲಿ ಮರುವಾಯಿ ಎಂದೂ, ಕೊಂಕಣಿಯಲ್ಲಿ ತಿಸ್ರೆ ಎಂದೂ, ಉತ್ತರ ಕನ್ನಡದಲ್ಲಿ ಬಳಚು ಎಂದೂ ಕರೆಯುವ ಚಿಪ್ಪುಜೀವಿಗಳನ್ನು ಅಳಿವೆಯ ಕೆಸರಿನಿಂದ ಆಯುತ್ತಾರೆ. ಇಳಿತದ ಹೊತ್ತನ್ನು ಕಾದು ನೀರಿಗಿಳಿದು ಕಾಲಿನಿಂದ ತಡವಿ ಕೈಯಿಂದ ತೆಗೆಯುವ ಈ ಕೆಲಸ ಶ್ರಮದ್ದು. ಹೆಂಗಸರೂ ಗಂಡಸರೂ ಇದರಲ್ಲಿ ತೊಡಗುತ್ತಾರೆ. ತಂದ ಚಿಪ್ಪುಗಳನ್ನು ಸ್ವಲ್ಪ ಹೊತ್ತು ಉಪ್ಪುನೀರಿನಲ್ಲಿಟ್ಟರೆ ಒಳಗಿನ ಮರಳನ್ನು ಅವು ತಾವೇ ಹೊರಹಾಕುತ್ತವೆ. ಬೇಯಿಸುವಾಗ ಬಾಯಿ ತೆರೆದವುಗಳನ್ನು ತಿನ್ನುತ್ತಾರೆ, ತೆರೆಯದವುಗಳನ್ನು ಎಸೆಯುತ್ತಾರೆ. ತೆಂಗಿನ ತುರಿಯೊಡನೆ ಮಾಡುವ ಸುಕ್ಕ, ಅಕ್ಕಿಯ ಉಂಡೆಗಳೊಡನೆ ಬೇಯಿಸುವ ಮರುವಾಯಿ ಪುಂಡಿ ಆ ಸೀಮೆಯ ಮನೆಗಳ ಮೆಚ್ಚಿನ ತಿನಿಸುಗಳು.

ತಿಂದು ಉಳಿದ ಚಿಪ್ಪು ಕಸವಲ್ಲ. ಅದನ್ನು ಗೂಡಿನಲ್ಲಿಟ್ಟು ಸುಟ್ಟರೆ ಸುಣ್ಣವಾಗುತ್ತದೆ. ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಚಿಪ್ಪಿನೊಳಗಿನ ಇಂಗಾಲದ ಅನಿಲ ಬಿಟ್ಟುಹೋಗುತ್ತದೆ. ಚಿಪ್ಪಿನಲ್ಲಿರುವ ಶುದ್ಧ ಸುಣ್ಣಕಲ್ಲಿನ ಅಂಶ ೧೦೦ ಗ್ರಾಂ ಇದ್ದರೆ ೪೪ ಗ್ರಾಂ ಅನಿಲವಾಗಿ ಹೋಗಿ ೫೬ ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದರೆ ಬುಸುಗುಟ್ಟಿ ಬಿಸಿಯಾಗಿ ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಗಾಳಿಯಲ್ಲಿರುವ ಅದೇ ಅನಿಲವನ್ನು ಅದು ಮೆಲ್ಲಮೆಲ್ಲನೆ ಮತ್ತೆ ಹೀರಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸುಣ್ಣ ಬಳಿದ ಗೋಡೆ ಮರಳಿ ಚಿಪ್ಪಿನ ವಸ್ತುವೇ ಆಗಿರುತ್ತದೆ! ಜಲಚರದ ಮನೆ ಮನುಷ್ಯನ ಮನೆಯ ಮೈಯಾಗುವ ಈ ಸೋಜಿಗವನ್ನು ನಾವು ದಿನವೂ ನೋಡುತ್ತೇವೆ, ಗಮನಿಸುವುದಿಲ್ಲ.

ವೀಳ್ಯಕ್ಕೂ ಚಿಪ್ಪಿನ ಸುಣ್ಣ ಸಲ್ಲುತ್ತದೆ. ಮೈಸೂರಿನ ವೀಳ್ಯದೆಲೆಗೂ ನಂಜನಗೂಡಿನ ರಸಬಾಳೆಗೂ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಶುಭಕಾರ್ಯದಲ್ಲಿ ತಟ್ಟೆಯ ಮೇಲೆ ಒಂದು ಚಿಪ್ಪು ರಸಬಾಳೆ, ಒಂದು ಕಟ್ಟು ವೀಳ್ಯದೆಲೆ, ಪಕ್ಕದಲ್ಲಿ ಚಿಪ್ಪಿನ ಸುಣ್ಣದ ಕರಂಡಕ ಇಟ್ಟಿದ್ದಾರೆಂದು ಭಾವಿಸಿ. ಅಲ್ಲಿ ಒಂದೇ ಶಬ್ದ ಎರಡು ವೇಷಗಳಲ್ಲಿ ಅಕ್ಕಪಕ್ಕ ಕುಳಿತಿರುತ್ತದೆ.

ಅಲಂಕಾರಕ್ಕೂ ಚಿಪ್ಪು ಬಹಳ ಹಿಂದಿನಿಂದ ಸಂದಿದೆ. ಕೆಲವು ಚಿಪ್ಪುಗಳ ಒಳಮೈಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಆಡುತ್ತವೆ. ಅಲ್ಲಿ ಯಾವ ಬಣ್ಣವನ್ನೂ ಬಳಿದಿಲ್ಲ. ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಹಲ್ಲೆಗಳು ಇಟ್ಟಿಗೆಯ ಗೋಡೆಯಂತೆ ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಆ ಪದರಗಳಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ಬಣ್ಣಗಳನ್ನು ತೋರುತ್ತವೆ. ಇಂಥ ಚಿಪ್ಪನ್ನು ಕೊಯ್ದು ಮರದಲ್ಲಿ ಕೆತ್ತಿ ಕೂರಿಸುತ್ತಾರೆ, ಗುಂಡಿಗಳನ್ನು ಮಾಡುತ್ತಾರೆ. ಬಿಹಾರದ ಮೆಹಸಿ ಎಂಬ ಊರು ನದಿಯ ಚಿಪ್ಪಿನ ಗುಂಡಿಗಳಿಗೆ ಹೆಸರಾದುದು. ನಮ್ಮ ನೆರೆಯ ಗೋವೆಯ ಹಳೆಯ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ತೆಳುವಾದ ಚಿಪ್ಪಿನ ಹಲ್ಲೆಗಳನ್ನು ಹಾಕುತ್ತಿದ್ದರು. ಕಣ್ಣು ಕುಕ್ಕದ ತಂಪು ಬೆಳಕು ಅವುಗಳ ಮೂಲಕ ಒಳಗೆ ಬರುತ್ತದೆ.

ಚಿಪ್ಪಿನ ಕೀರ್ತಿಗೆಲ್ಲ ಕಿರೀಟಪ್ರಾಯವಾದುದು ಮುತ್ತು. ಸ್ವಾತಿಯ ಮಳೆಹನಿ ಬಾಯಿ ತೆರೆದ ಚಿಪ್ಪಿನಲ್ಲಿ ಬಿದ್ದು ಮುತ್ತಾಗುತ್ತದೆಂಬುದು ಕವಿಸಮಯ. ಶಾಸ್ತ್ರಜ್ಞರು ಹೇಳುವುದು ಬೇರೆ. ಪರಜೀವಿಯೋ ಬೇರೆ ವಸ್ತುವೋ ಒಳಸೇರಿ ಹೊದಿಕೆಗೆ ಗಾಯವಾದಾಗ ಆ ಜೀವಿ ತನ್ನ ಹೊಳಪಿನ ಪದರಗಳಿಂದ ಅದನ್ನು ಸುತ್ತುತ್ತ ಹೋಗುತ್ತದೆ. ಹಾಗೆ ಸುತ್ತಿದ ವ್ರಣವೇ ಮುತ್ತು. ಜಪಾನಿನ ಮಿಕಿಮೊಟೊ ೧೮೯೩ರಲ್ಲಿ ಚಿಪ್ಪಿನೊಳಗೆ ಬೇಕೆಂದೇ ಬೀಜವಿಟ್ಟು ಅರ್ಧಗೋಳದ ಮುತ್ತನ್ನು ಬೆಳೆಸಿದರು. ನಮ್ಮ ದೇಶದಲ್ಲಿ ೧೯೭೩ರಲ್ಲಿ ತೂತ್ತುಕುಡಿಯ ಕಡಲಿನಲ್ಲಿ ಇಂಥ ಪ್ರಯೋಗ ಫಲಿಸಿತು. ಬಳಿಕ ಭುವನೇಶ್ವರದ ಸಿಹಿನೀರಿನ ಜಲಕೃಷಿ ಸಂಸ್ಥೆಯವರು ಕೆರೆ ಹೊಳೆಗಳ ಸಾಮಾನ್ಯ ಚಿಪ್ಪಿನಲ್ಲಿಯೂ ಮುತ್ತು ಬೆಳೆಸುವ ಕ್ರಮವನ್ನು ರೂಪಿಸಿದರು. ನೋವನ್ನು ಹೊರಗೆ ಚೆಲ್ಲದೆ ಅದರ ಸುತ್ತ ಬೆಳಕನ್ನು ಕಟ್ಟುವ ಈ ಜೀವಿಯನ್ನು ನೆನೆದಾಗ ಶಾಸ್ತ್ರದ ಮಾತು ಕವಿಸಮಯಕ್ಕಿಂತ ಕಡಮೆ ಸುಂದರವೆಂದು ಯಾರು ಹೇಳಿಯಾರು?

ಚಿಪ್ಪಿನ ಹೊಳಪು ದಾರ್ಶನಿಕರ ಕಣ್ಣನ್ನೂ ಸೆಳೆಯಿತು. ಬಿಸಿಲಿನಲ್ಲಿ ಬಿದ್ದಿರುವ ಚಿಪ್ಪು ದೂರದಿಂದ ಬೆಳ್ಳಿಯ ತುಂಡಿನಂತೆ ಕಾಣುತ್ತದೆ. ಆಸೆಯಿಂದ ಓಡಿಹೋಗಿ ಎತ್ತಿಕೊಂಡರೆ ಬರಿಯ ಚಿಪ್ಪು. ಆದರೂ ಓಡಿದುದು ಸುಳ್ಳಲ್ಲ, ಆಸೆಪಟ್ಟುದು ಸುಳ್ಳಲ್ಲ. ಇಲ್ಲದ ಬೆಳ್ಳಿ ಕಂಡುದು ಹೇಗೆ? ವೇದಾಂತದಲ್ಲಿ ಇದು ಶುಕ್ತಿರಜತವೆಂದು ಪ್ರಸಿದ್ಧವಾದ ದೃಷ್ಟಾಂತ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲಿಯೇ ಒಂದನ್ನು ಮತ್ತೊಂದೆಂದು ತಿಳಿಯುವ ಭ್ರಮೆಯನ್ನು ವಿವರಿಸಲು ಇದನ್ನು ಬಳಸಿದ್ದಾರೆ. ತತ್ತ್ವಶಾಸ್ತ್ರದ ದೊಡ್ಡ ಪ್ರಶ್ನೆಯೊಂದು ಹೊಳೆದಂಡೆಯ ಸಣ್ಣ ವಸ್ತುವಿನ ಮೇಲೆ ನಿಂತಿದೆ.

ಉಳಿದುದು ಮೂರನೆಯ ಗುಣ, ಬರಿದ್ತನ. ತಿರುಳು ಹೋಗಿ ಉಳಿದ ತೆಂಗಿನ ಚಿಪ್ಪು ಭಿಕ್ಷಾಪಾತ್ರೆಯೂ ಆಗಬಲ್ಲುದು. ‘ಕೈಗೆ ಚಿಪ್ಪು ಬಂತು’ ಎಂಬ ಮಾತಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಬೇಡುವ ಸ್ಥಿತಿಗೆ ಬಂದವನ ಚಿತ್ರವಿದೆ. ಇದೇ ಶಬ್ದ ತುಂಬಿದಾಗ ಮುತ್ತಿನ ಮನೆ, ಬರಿದಾದಾಗ ದಾರಿದ್ರ್ಯದ ಗುರುತು. ಆದರೆ ನಾವು ಇಷ್ಟು ಹೊತ್ತು ನೋಡಿದುದನ್ನು ನೆನೆಯಿರಿ. ಸುಣ್ಣವಾದುದು ಬರಿದಾದ ಚಿಪ್ಪು, ಸೌಟಾದುದು ಬರಿದಾದ ಚಿಪ್ಪು, ಗುಂಡಿಯಾದುದು, ಕಿಟಕಿಯಾದುದು ಎಲ್ಲವೂ ಬರಿದಾದ ಚಿಪ್ಪೇ. ಬಲ್ಲವರ ಕೈಗೆ ಬಂದಾಗ ಬರಿಯ ಚಿಪ್ಪಿಗೂ ಬೆಲೆ ಬಂದಿತು.

ಆ ಬಲ್ಲವರು ಯಾರು? ನಿಘಂಟುಕಾರರಲ್ಲ. ಕಿಟೆಲ್ ಅವರು ೧೮೯೪ರಲ್ಲಿ ತಮ್ಮ ಕನ್ನಡ ನಿಘಂಟನ್ನು ಪ್ರಕಟಿಸಿದಾಗ ಜನರ ಬಾಯಲ್ಲಿದ್ದುದನ್ನೂ ಗ್ರಂಥಗಳಲ್ಲಿದ್ದುದನ್ನೂ ಕಲೆಹಾಕಿದರು. ಅರ್ಥಗಳನ್ನು ಕಟ್ಟಿದವರು ಹೊಳೆಗಿಳಿದವರು, ಸುಣ್ಣ ಸುಟ್ಟವರು, ಬಾಳೆ ಬೆಳೆದವರು, ಮಕ್ಕಳ ಮೊಣಕಾಲಿಗೆ ಎಣ್ಣೆ ಹಚ್ಚಿದವರು. ಅವರು ವಸ್ತುಗಳನ್ನು ಕೈಯಿಂದ ಮುಟ್ಟಿ ಕಣ್ಣಿಟ್ಟು ನೋಡಿದರು. ಎರಡು ವಸ್ತುಗಳ ನಡುವಣ ಹೋಲಿಕೆಯನ್ನು ಕಂಡು ಒಂದೇ ಹೆಸರಿಟ್ಟರು.

ಈಗ ಆ ಮೂಲವಸ್ತುವೇ ಕಣ್ಮರೆಯಾಗುವ ಭಯವಿದೆ. ಸಿಹಿನೀರಿನ ಚಿಪ್ಪುಜೀವಿ ದಿನಕ್ಕೆ ಹಲವು ಲೀಟರು ನೀರನ್ನು ತನ್ನ ಮೈಯೊಳಗೆ ಹಾಯಿಸಿ ಸೋಸಿ ಬಿಡುತ್ತದೆ. ಹೊಳೆಯನ್ನು ಸದ್ದಿಲ್ಲದೆ ಶುದ್ಧಮಾಡುತ್ತದೆ. ಅದರ ಮರಿಗಳು ಕೆಲಕಾಲ ಮೀನಿನ ಕಿವಿರು ರೆಕ್ಕೆಗಳಿಗೆ ಅಂಟಿಕೊಂಡು ಬೆಳೆದು ಬಳಿಕ ಮರಳಿಗಿಳಿಯುತ್ತವೆ. ಮೀನಿಲ್ಲದ ಹೊಳೆಯಲ್ಲಿ ಚಿಪ್ಪು ಹುಟ್ಟಲಾರದು. ಮರಳಿಲ್ಲದ ಹೊಳೆಯಲ್ಲಿ ಅದಕ್ಕೆ ನೆಲೆಯಿಲ್ಲ. ಲೆಕ್ಕವಿಲ್ಲದೆ ಮರಳು ಬಗೆಯುವುದು, ಕೊಳಚೆಯನ್ನು ನೀರಿಗೆ ಬಿಡುವುದು ಇವೆರಡರಿಂದಲೂ ಸಿಹಿನೀರಿನ ಚಿಪ್ಪುಗಳು ಜಗತ್ತಿನಾದ್ಯಂತ ಅಳಿವಿನ ಅಂಚಿಗೆ ಸರಿದಿವೆ. ಕರಾವಳಿಯಲ್ಲಿಯೂ ಬಲಿಯದ ಮರಿಗಳನ್ನು ಬಾಚಿ ತೆಗೆದರೆ ಮುಂದಿನ ವರ್ಷದ ಅನ್ನಕ್ಕೆ ಕುಂದು. ಬಳಚಿನ ಬೀಡಾದ ಅಘನಾಶಿನಿಯ ಅಳಿವೆಯನ್ನು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿಸಿರುವುದು ಸಮಾಧಾನದ ಸಂಗತಿ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಅಳಿವೆ ಉಳಿಯದು. ಅಲ್ಲಿಯ ಜನರೂ ನಾವೂ ಎಚ್ಚರದಿಂದಿರಬೇಕು.

ಹೊಳೆಯಲ್ಲಿ ಚಿಪ್ಪು ಅಳಿದರೂ ನಾಲಗೆಯ ಮೇಲೆ ಶಬ್ದ ಉಳಿಯಬಹುದು. ಆಗ ಮೊಣಕಾಲಿಗೂ ಬಾಳೆಗೂ ಏಕೆ ಈ ಹೆಸರೆಂದು ಮಕ್ಕಳು ಕೇಳಿದರೆ ತೋರಿಸುವುದಕ್ಕೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆ ಹೊತ್ತಿಗೆ ಶಬ್ದವೂ ಒಂದು ಬರಿದಾದ ಚಿಪ್ಪಾಗಿರುತ್ತದೆ. ಆದುದರಿಂದ ನೀವು ಈ ಪಾಠವನ್ನು ಇಲ್ಲಿಗೇ ಬಿಡಬೇಡಿ. ನಿಮ್ಮ ಊರಿನ ಹಿರಿಯರನ್ನು ಕೇಳಿ, ಚಿಪ್ಪು ಎಂಬ ಮಾತು ಇನ್ನಾವ ಅರ್ಥಗಳಲ್ಲಿ ಬಳಕೆಯಲ್ಲಿದೆಯೆಂದು ಬರೆದುಕೊಳ್ಳಿ. ರಜೆಯಲ್ಲಿ ಹಿರಿಯರ ಜೊತೆಯಲ್ಲಿ ಹೊಳೆಯ ದಡಕ್ಕೆ ಹೋದಾಗ ಮರಳಿನಲ್ಲಿ ಚಿಪ್ಪು ಸಿಗುವುದೋ ನೋಡಿ. ಸಿಕ್ಕರೆ ಅದರ ಬೆನ್ನಿನ ಗೆರೆಗಳ ಮೇಲೆ ಬೆರಳಾಡಿಸಿ. ಒಳಗೆ ಜೀವವಿದ್ದರೆ ತೆಗೆದ ಜಾಗದಲ್ಲಿಯೇ ಅದನ್ನು ಮರಳಿ ನೀರಿಗೆ ಬಿಟ್ಟುಬನ್ನಿ.